ತೀರ್ಥಮ್ಮನ ತೊಟ್ಟಿಲ ಫೋಟೋ

ತೊಟ್ಟಿಲು ಮಾರುತ್ತೇನೆಂದರೆ ಅತ್ತೆ ಏನಂದುಕೊಳ್ಳುತ್ತಾರೆ? ಪಾಪುವಿಗೆ ಅನ್ನ ಕಲೆಸುವಾಗಲೂ ಅದೇ ಯೋಚನೆ, ಬಟ್ಟೆ ಒಣಹಾಕುವಾಗಲೂ ಅದೇ. ಪಾಪು ಈಗ ಗೋಡೆ ಹಿಡಿದು ಓಡಾಡುವವಳು. ತೊಟ್ಟಿಲಿಗೆ ಹಾಕಿದರೆ ಕಂಬಿ ಹಿಡಿದು ಎದ್ದು ನಿಂತು ನನ್ನ ಜೀವ ಬಾಯಿಗೆ ತರುತ್ತಾಳೆ. ಹಾಗಾಗಿ ಅವಳು ಮಲಗುವುದು ನನ್ನ ಪಕ್ಕದಲ್ಲೇ. ಖಾಲಿ ತೊಟ್ಟಿಲು ಮಾತ್ರ ಕಡೂರಿನ ನಮ್ಮ ಮನೆಯ ಹಾಲಿನ ನಟ್ಟನಡುವೆ ನಿಂತಿತ್ತು. ಬಂದವರೆಲ್ಲ, ಸಿಲಿಂಡರ್ ತಂದವನೂ ಸೇರಿ, ಅದನ್ನೊಮ್ಮೆ ನೋಡಿ ನನ್ನನ್ನೊಮ್ಮೆ ನೋಡಿ, "ಎರಡನೇದು ಯಾವಾಗಮ್ಮಾ?" ಎನ್ನುವರು. ಒಂದೇ ಸಾಕೆಂದು ನಾನೂ ನನ್ನ ಗಂಡ ಓಂಕಾರೇಶರೂ ತೀರ್ಮಾನಿಸಿಯಾಗಿತ್ತು. ಅತ್ತೆಗೆ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

"ಅತ್ತೆ, ಹಾಲಲ್ಲಿ ಜಾಗಾನೇ ಇಲ್ಲ. ತೊಟ್ಟಿಲನ್ನ ಆನ್‌ಲೈನಲ್ಲಿ ಹಾಕ್ಬಿಡೋಣ್ವಾ?" ಎಂದು ಒಂದು ದಿನ ಗೋಡೆ ನೋಡಿಕೊಂಡು ಕೇಳಿಯೇಬಿಟ್ಟೆ.

"ಹಾಕು. ಫೋಟೋ ಮಾತ್ರ ನಾನೇ ತೆಗೀಬೇಕು," ಎಂದರು.

ಅಷ್ಟು ಬೇಗ ಒಪ್ಪಿಬಿಟ್ಟಿದ್ದು ನೋಡಿ ನನ್ನ ಚಿಂತೆ ಇನ್ನೂ ಹೆಚ್ಚಾಯಿತು.

ನಮ್ಮತ್ತೆ ತೀರ್ಥಮ್ಮನವರ ಫೋಟೋ ಹುಚ್ಚಿಗೆ ಕಾರಣ ನಾನೇ. ಹಳೇ ಟೇಬಲ್ ಫ್ಯಾನೊಂದನ್ನು ಮಾರಲು ಕೂತಾಗ, ಮೈಸೂರಲ್ಲಿ ಓದಿದವಳೆಂಬ ಗತ್ತಿನಲ್ಲಿ ಅವರಿಗೆ ಪಾಠ ಹೇಳಿದ್ದೆ: ಸಾಮಾನನ್ನು ಮೊದಲು ಒರೆಸಬೇಕು, ಬೆಳಕು ಕಿಟಕಿಯಿಂದ ಬೀಳಬೇಕು, ಹಿಂದುಗಡೆ ಏನೂ ಕಾಣಬಾರದು, ನಾಲ್ಕೂ ಕಡೆಯಿಂದ ತೆಗೆಯಬೇಕು, ಗೀರು ಇದ್ದರೆ ಮುಚ್ಚಿಡದೆ ತೋರಿಸಬೇಕು.

"ಓ, ಹೆಣ್ಣು ತೋರ್ಸ್ದಂಗೆ ಅನ್ನು," ಎಂದರು ಅತ್ತೆ. "ಆದ್ರೆ ಅಲ್ಲಿ ಗೀರು ಮುಚ್ಚಿಡ್ತಾರೆ, ಅಷ್ಟೇ."

ಅಂದಿನಿಂದ ಮನೆಯಲ್ಲಿ ಯಾವ ಹಳೇ ಸಾಮಾನಿಗೂ ನೆಮ್ಮದಿಯಿಲ್ಲ. ಬೆಳಗಿನ ಬಿಸಿಲು ಅಂಗಳಕ್ಕೆ ಬೀಳುವುದೇ ತಡ, ಅತ್ತೆ ಸೆರಗಿನಿಂದ ಫೋನಿನ ಕಣ್ಣು ಒರೆಸಿಕೊಂಡು ಸಿದ್ಧ. ಹಿನ್ನೆಲೆಗೆ ಮಾವನ ಬಿಳಿ ಪಂಚೆ. ಅದನ್ನು ಹಿಂದೆ ಚಾಚಿ ಹಿಡಿದು ನಿಲ್ಲುವವರು ಮಾವ ಗಂಗಾಧರಯ್ಯ. ಕಡೂರಿನ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ, ಎಂಥೆಂಥವರನ್ನೋ ದಬಾಯಿಸಿದ ಮನುಷ್ಯ, ಅಂಗಳದಲ್ಲಿ ಪಂಚೆ ಹಿಡಿದು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಫ್ಯಾನು ತಿರುಗುತ್ತದೆಂದು ಫೋಟೋದಲ್ಲಿ ಗೊತ್ತಾಗುವುದು ಹೇಗೆ? ಅತ್ತೆ ಅದರ ಜಾಲರಿಗೆ ಪಾಪುವಿನ ರಿಬ್ಬನ್ನುಗಳನ್ನು ಕಟ್ಟಿ ಸ್ವಿಚ್ ಹಾಕಿದರು. ರಿಬ್ಬನ್ನು ಹಾರಿತು. ಪಂಚೆಯೂ ಹಾರಿ ಮಾವನ ಮುಖಕ್ಕೆ ಸುತ್ತಿಕೊಂಡಿತು.

"ಲೇ, ನಂಗೇನೂ ಕಾಣಂಗಿಲ್ಲ!"

"ನಿಮ್ಗೆ ಯಾಕೆ ಕಾಣ್ಬೇಕು? ಫ್ಯಾನು ಕಂಡ್ರೆ ಸಾಕು, ಅಲ್ಲಾಡ್ಬೇಡಿ!"

ಆ ಫೋಟೋ ನೋಡಿದವರು ಫ್ಯಾನಿನ ಬಗ್ಗೆ ಕೇಳುವ ಮೊದಲು, "ಹಿಂದೆ ನಿಂತಿರೋರು ಯಾರು?" ಎಂದು ಕೇಳಿದರು.

ಗೀರು ತೋರಿಸಬೇಕೆಂಬ ನನ್ನ ಮಾತನ್ನೂ ಅತ್ತೆ ತಮ್ಮದೇ ರೀತಿಯಲ್ಲಿ ಪಾಲಿಸಿದರು. ಎಲ್ಲೆಲ್ಲಿ ಗೀರೋ ಅಲ್ಲಲ್ಲಿ ಪುಟ್ಟ ಕುಂಕುಮದ ಬೊಟ್ಟು. ಹಳೇ ಮಿಕ್ಸಿಗೆ ಮೈತುಂಬ ಬೊಟ್ಟು ಕಂಡು, "ಪೂಜೆ ಮಾಡಿದ ಮಿಕ್ಸಿನಾ ಮೇಡಂ?" ಎಂದು ಒಬ್ಬರು ಭಕ್ತಿಯಿಂದಲೇ ವಿಚಾರಿಸಿದರು.

ಆದರೆ ಒಂದು ವಿಷಯದಲ್ಲಿ ಅವರನ್ನು ಅಲ್ಲಾಡಿಸಲು ನನ್ನಿಂದಾಗಲಿಲ್ಲ. ಅವರು ಏನನ್ನೂ ಬರಿದಾಗಿ ತೋರಿಸುವುದಿಲ್ಲ. ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದ ಕೈ ಅದು. ಒಂದು ಚೂರು ಬೆಲ್ಲವಾದರೂ ಹಾಕಿಯೇ ಕೊಡುತ್ತದೆ. ಕುಕ್ಕರಿನ ಫೋಟೋ ಎಂದರೆ ಅದರ ತುಂಬ ಅನ್ನ. ಪಿಂಗಾಣಿ ಭರಣಿಯ ಫೋಟೋ ಎಂದರೆ ಕಂಠದವರೆಗೆ ಮಾವಿನಕಾಯಿ ಉಪ್ಪಿನಕಾಯಿ. ಅದನ್ನು ನೋಡಲು ಹಿರೇನಲ್ಲೂರಿನಿಂದ ಬಸ್ಸು ಹತ್ತಿ ಬಂದ ಹಿರಿಯರು ಭರಣಿಯನ್ನು ಬಿಟ್ಟು ಉಪ್ಪಿನಕಾಯಿ ಮಾತ್ರ ಒಯ್ದರು.

ಹೀಗಿರುವಾಗ ತೊಟ್ಟಿಲ ಸರದಿ ಬಂತು.

"ಬರೀ ತೊಟ್ಟಿಲು ತೂಗೂ ಬಾರ್ದು, ತೋರ್ಸೂ ಬಾರ್ದು. ಪಾಪುನ ಮಲಗ್ಸು," ಎಂದರು ಅತ್ತೆ.

"ಬೇಡ ಅತ್ತೆ! ಮಗು ಮುಖ ಇಂಟರ್ನೆಟ್ಟಲ್ಲಿ ಹಾಕಬಾರದು. ಯಾರು ಯಾರು ನೋಡ್ತಾರೋ, ಏನು ಮಾಡ್ತಾರೋ!"

"ಆಯ್ತು ಕಣೇ, ಹೆದರ್ಕಬೇಡ," ಎಂದು ಹಿತ್ತಿಲಿಗೆ ಹೋದವರು, ಒರಳಿನ ಗುಂಡುಕಲ್ಲನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದರು. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಿಗೆ ಹಾಕುತ್ತಾರಲ್ಲ, ಅದೇ ಗುಂಡು. ಅದನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ತಲೆಗೆ ಪಾಪುವಿನ ಉಣ್ಣೆಯ ಕುಲಾವಿ ಹಾಕಿ, ಕೆನ್ನೆ ಇರಬೇಕಾದ ಜಾಗದಲ್ಲಿ ಕಾಡಿಗೆಯ ದೃಷ್ಟಿಬೊಟ್ಟಿಟ್ಟು ಮಲಗಿಸಿದರು. ಮಾವ ಪಂಚೆ ಹಿಡಿದರು. ಫೋಟೋ ಅದ್ಭುತವಾಗಿ ಬಂತು. ಕಪ್ಪಗೆ, ದುಂಡಗೆ, ನಿಶ್ಚಿಂತೆಯಿಂದ ಮಲಗಿದ ಕೂಸು! ಮಾವ ಎರಡು ಸಲ ಬಗ್ಗಿ ನೋಡಿ, "ಥೇಟ್ ನಿಮ್ಮಣ್ಣನ ಥರಾನೇ ಐತೆ ನೋಡು," ಎಂದು ಅತ್ತೆಯಿಂದ ಬೈಸಿಕೊಂಡರು.

ಫೋಟೋದ ಕೆಳಗೆ ಏನು ಬರೆಯಬೇಕೆಂದು ಹೇಳಿದವರೂ ಅತ್ತೆಯೇ. ಪಾಪು ಕಾಲಿಗೆ ಜೋತುಬಿದ್ದಿದ್ದರಿಂದ ನಾನು ಮತ್ತೊಮ್ಮೆ ಓದದೆ ಹಾಕಿಬಿಟ್ಟೆ: "ಗಟ್ಟಿಮುಟ್ಟಾಗಿದೆ. ರಾತ್ರಿ ಸದ್ದು ಮಾಡುವುದಿಲ್ಲ. ಮನೆಯಲ್ಲಿ ಜಾಗವಿಲ್ಲದ ಕಾರಣ ಕೊಡುತ್ತಿದ್ದೇವೆ." ತೊಟ್ಟಿಲು ಎಂಬ ಪದವೇ ಅದರಲ್ಲಿರಲಿಲ್ಲ.

ಮೊದಲು ಬಂದದ್ದು ತರೀಕೆರೆಯ ಅನುಪಮಾ ಎಂಬುವವರ ಮೆಸೇಜು. "ತೊಟ್ಟಿಲು ಇಷ್ಟ ಆಯ್ತು. ಮುಂದಿನ ವಾರ ನಮ್ಮ ಮಗನ ನಾಮಕರಣ. ನಿಮ್ಮ ಪಾಪು ಎದ್ದಮೇಲೆ ಫೋನ್ ಮಾಡಿ." ಕೆಳಗೆ ನಂಬರು. ನಾನಿನ್ನೂ ನಗುತ್ತಿರುವಾಗಲೇ ಆ್ಯಪ್‌ನವರದೂ ಬಂತು: "ನಿಮ್ಮ ಜಾಹೀರಾತನ್ನು ತೆಗೆದುಹಾಕಲಾಗಿದೆ. ಮನುಷ್ಯರನ್ನು ಮಾರಾಟಕ್ಕೆ ಇಡುವಂತಿಲ್ಲ."

ಫೋನು ಹಿಡಿದು ಅತ್ತೆಯ ಬಳಿಗೆ ಓಡಿದೆ. "ಅತ್ತೆ, ಪೊಲೀಸ್ ಬರ್ತಾರೆ! ಮಗು ಮಾರ್ತಿದ್ದೀವಿ ಅಂದ್ಕೊಂಡಿದ್ದಾರೆ!"

"ಬರ್ಲಿ ಬಿಡು. ಗುಂಡು ಎತ್ಕೊಂಡು ಹೋಗಿ ಸ್ಟೇಷನ್ನಲ್ಲಿ ತೂಗ್ಲಿ," ಎಂದು ಅತ್ತೆ ನಕ್ಕ ನಗುವಿಗೆ ಪಾಪು ಬೆಚ್ಚಿ, ಆಮೇಲೆ ತಾನೂ ಕೇಕೆ ಹಾಕಿದಳು. ಮಾವ ಪಂಚೆಯಲ್ಲೇ ಕಣ್ಣೊರೆಸಿಕೊಂಡರು. ನಾನೂ ಹೊಟ್ಟೆ ಹಿಡಿದು ನಕ್ಕೆ. ಆದರೆ ನಗು ಇಳಿದ ಮೇಲೆ ಹೊಸ ಸಂಶಯವೊಂದು ಹೊಕ್ಕಿತು. ತೊಟ್ಟಿಲು ಹೋಗಬಾರದೆಂದೇ ಅತ್ತೆ ಹೀಗೆ ಮಾಡಿದರೇ? ಎರಡನೇ ಮೊಮ್ಮಗುವಿನ ಆಸೆಗೇ ಅದರಲ್ಲಿ ಕಲ್ಲನ್ನಾದರೂ ಮಲಗಿಸಿದರೇ? ಅನುಪಮಾ ಅವರ ನಂಬರು ಫೋನಿನಲ್ಲೇ ಉಳಿಯಿತು. ಮರುದಿನವೂ ನಾನು ಅದನ್ನು ತೆಗೆದು ನೋಡುವುದು, ಇಡುವುದು.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತದೆ ಕೇಳಿದರು. "ತರೀಕೆರೆಯೋಳಿಗೆ ಯಾಕೆ ಫೋನ್ ಮಾಡ್ಲಿಲ್ಲ?"

"ನಿಮಗೆ ಬೇಜಾರಾಗುತ್ತೇನೋ ಅಂತ..."

"ಭವ್ಯಾ, ನಂಗೇನು ಕಣ್ಣಿಲ್ವಾ? ಬಂದೋರೆಲ್ಲ ಎರಡನೇದು ಎರಡನೇದು ಅಂತಾರೆ, ನೀನು ಅಡುಗೆಮನೆಗೆ ಓಡ್ತೀಯಾ. ಓಂಕಾರಿ ಬಚ್ಚಲಿಗೆ ಓಡ್ತಾನೆ. ಸ್ನಾನ ಮಾಡೀ ಮಾಡೀ ಸವೆದೋಗ್ತಾನೆ ಪಾಪ."

ನಾನು ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.

"ನಾನೂ ಒಂದಕ್ಕೇ ಸಾಕು ಅಂದೋಳು ಕಣೇ. ನಮ್ಮತ್ತೆ ತೊಟ್ಟಿಲು ಅಟ್ಟಕ್ಕೆ ಹಾಕಕ್ಕೇ ಬಿಡ್ಲಿಲ್ಲ. ಹಿಂಗೇ ನಡುಮನೇಲಿ ಇಟ್ರು. ಬಂದೋರ್ದೆಲ್ಲ ಇದೇ ರಾಗ. ನಮ್ಮಪ್ಪ ಅಜ್ಜಂಪುರದಿಂದ ಮೂಟೆಗಟ್ಲೆ ಈರುಳ್ಳಿ ಕಳಿಸ್ತಿದ್ದ. ಸುರಿದೆ ನೋಡು ತೊಟ್ಟಿಲಿಗೆ! ಯಾರಾದ್ರೂ ಕೇಳಿದ್ರೆ, 'ಶ್ಶ್, ಈಗ ಮಲಗೈತೆ, ಎಬ್ಬಿಸಿದ್ರೆ ಕಣ್ಣಲ್ಲಿ ನೀರು ಬರ್ಸುತ್ತೆ' ಅಂತಿದ್ದೆ."

"ಅದಕ್ಕೆ ನಿಮ್ಮತ್ತೆ ಏನಂದ್ರು?"

"ಏನಂತಾರೆ? ಸಾರಿಗೆ ಅಲ್ಲಿಂದ್ಲೇ ಈರುಳ್ಳಿ ತಗೊಂಡ್ರು." ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. "ಗುಂಡು ಮಲಗ್ಸಿದ್ದು ತೊಟ್ಟಿಲು ಒಳ್ಳೇ ಮನೆ ಸೇರ್ಲಿ ಅಂತ. ಬೇರೇನಿಲ್ಲ. ಮಾಡು ಫೋನು."

ಮಾಡಿದೆ.

"ಹಲೋ, ಕಡೂರಿಂದ ಭವ್ಯ. ತೊಟ್ಟಿಲು..."

"ಅಯ್ಯೋ, ಹೇಳ್ರೀ! ಪಾಪು ಎದ್ದಿದೆಯಾ?"

"ಅದು ಏಳಲ್ಲ ಕಣ್ರೀ. ಗುಂಡುಕಲ್ಲು ಅದು."

ಆ ಕಡೆ ಬಿದ್ದು ಬಿದ್ದು ನಗು. ನಕ್ಕು ಸುಧಾರಿಸಿಕೊಂಡು ಅನುಪಮಾ ಕೇಳಿಯೇಬಿಟ್ಟರು. "ಅಷ್ಟು ಚೆನ್ನಾಗಿದೆ, ಯಾಕ್ರೀ ಕೊಡ್ತಿದ್ದೀರಾ? ಎರಡನೇದಕ್ಕೆ ಬೇಡ್ವಾ?"

ಅತ್ತೆ ಎದುರಿಗೇ ಕೂತಿದ್ದರು. ಮಾವ ಪೇಪರಿನ ಹಿಂದೆ ಅಲುಗಾಡದೆ ಕೂತಿದ್ದರು.

"ಬೇಡ ಕಣ್ರೀ. ನಮಗೆ ಒಂದೇ ಸಾಕು," ಎಂದೆ. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಆ ಕಡೆಯ ದನಿ ಪಿಸುಮಾತಿಗಿಳಿಯಿತು. "ರೀ, ಇದನ್ನ ಇನ್ನೊಂದ್ಸಲ ಹೇಳ್ತೀರಾ? ನಮ್ಮತ್ತೆ ಇಲ್ಲೇ ಇದ್ದಾರೆ, ಸ್ಪೀಕರ್ ಹಾಕ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ತೀರ್ಥಮ್ಮನವರು ಕೈ ಚಾಚಿ ಫೋನು ಕಿತ್ತುಕೊಂಡರು. "ಕೊಡಿಲ್ಲಿ, ಅವ್ರತ್ತೆ ಹತ್ರ ನಾನು ಮಾತಾಡ್ತೀನಿ!"