ವಿಮಾನ ಬಿದ್ದ ದಿನ ನಮ್ಮ ಫೋನು

ಆಪತ್ಕಾಲದಲ್ಲಿ ಮನುಷ್ಯರ ನಿಜವಾದ ಅಂತಃಕರಣ ಹೊರಬರುತ್ತದೆ. ದೆಹಲಿ ಕನ್ನಡಿಗರದ್ದು ಟೆಲಿಫೋನಿನ ಮೂಲಕ ಹೊರಬರುತ್ತದೆ, ಮತ್ತು ಬೇಗ ಮುಗಿಯುವುದಿಲ್ಲ.

ಆಗ ನಾನು ದೆಹಲಿಯಂಚಿನ ಇಂದಿರಾಪುರಂನಲ್ಲಿ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿದ್ದೆ. ಭಾವ ವಾಯುಪಡೆಯ ಪೈಲಟ್. ಕ್ವಾರ್ಟರ್ಸ್ ಸಿಗುವ ತನಕ ಅವರೂ ಅಕ್ಕನೂ ನನ್ನ ಜೊತೆಗಿದ್ದರು. ಆ ಸಂಕ್ರಾಂತಿಗೆ ಅಕ್ಕ ದೆಹಲಿಯ ರೋಹಿಣಿ ಬಡಾವಣೆಯಿಂದ ಗುರ್‌ಗಾಂವ್‌ವರೆಗೆ ಕನ್ನಡದ ಮನೆಗಳನ್ನು ಹುಡುಕಿ ಹುಡುಕಿ ಎಳ್ಳು ಬೀರಿ ಬಂದಿದ್ದಳು. ಎಳ್ಳು ತಿಂದವರೆಲ್ಲ ನಮ್ಮ ನಂಬರನ್ನೂ ಪಡೆದಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಟೀವಿಯ ಕೆಳಗಿನ ಪಟ್ಟಿಯಲ್ಲಿ ಸುದ್ದಿ ಹರಿಯಿತು: ಗಾಜಿಯಾಬಾದಿನ ಆಚೆ, ಸಾಸಿವೆ ಹೊಲದಲ್ಲಿ ಯುದ್ಧವಿಮಾನ ಪತನ, ಪೈಲಟ್ ಬಗ್ಗೆ ಮಾಹಿತಿಯಿಲ್ಲ. ಆ ಬೆಳಿಗ್ಗೆ ಭಾವನ ಹಾರಾಟವಿತ್ತು. ಬಾಲ್ಕನಿಯಿಂದ ದೂರದಲ್ಲಿ ಹೊಗೆ ಕಾಣುತ್ತಿತ್ತು. ಇಟ್ಟಿಗೆ ಭಟ್ಟಿಯದ್ದು ಎಂದು ಅಕ್ಕನಿಗೆ ಹೇಳಿದೆ. ಅಷ್ಟು ಕಪ್ಪು ಹೊಗೆ ಬಿಡುವ ಭಟ್ಟಿಯನ್ನು ನಾನೂ ಕಂಡಿರಲಿಲ್ಲ.

ಅಕ್ಕ ಮತ್ತು ಪೈಲಟ್‌ಗಳ ಹೆಂಡತಿಯರಾದ ಅವಳ ಗೆಳತಿಯರಲ್ಲಿ ಒಂದು ರೂಢಿಯಿತ್ತು. ಇಂಥ ಹೊತ್ತಿನಲ್ಲಿ ತಾವಾಗಿ ಯಾರಿಗೂ ಫೋನ್ ಮಾಡುವುದಿಲ್ಲ. ಲೈನು ಬಿಡುವಾಗಿಟ್ಟುಕೊಂಡು ಕಾಯುತ್ತಾರೆ. ಫೋನ್ ಬಂದರೆ ಗಂಡ ಇದ್ದಾನೆ. ವಾಯುಪಡೆಯ ಗಾಡಿ ಮನೆಗೆ ಬಂದರೆ ಇಲ್ಲ.

ಫೋನ್ ಬಂತು. ಎಳ್ಳು ತಿಂದವರಲ್ಲೊಬ್ಬರಾದ ರೋಹಿಣಿಯ ಮಾಮಿ. ಲೈನು ಬಿಡುವಾಗಿರಬೇಕು, ಬೇಗ ಮುಗಿಸುತ್ತೇನೆ ಎಂದು ಆರಂಭಿಸಿ, ತಮ್ಮ ಮೈದುನನ ಸ್ಕೂಟರ್ ಅಪಘಾತದವರೆಗೆ ಹೋದರು. ಅವರು ಇಟ್ಟೊಡನೆ ಗುರ್‌ಗಾಂವ್‌ನ ಇಂಜಿನಿಯರ್. ಕ್ಯಾಬ್ ಕಳಿಸಲೇ ಎಂದರು. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ. ಮತ್ತೊಬ್ಬರು ನಾವು ಉಪವಾಸ ಇರಬಾರದೆಂದು ತೀರ್ಮಾನಿಸಿ, ಬಿಸಿಬೇಳೆಭಾತಿಗೆ ಬೇಳೆ ಇಟ್ಟೇ ಫೋನ್ ಮಾಡಿದ್ದರು. ಪ್ರತಿ ಸಲ ರಿಂಗಾದಾಗಲೂ ಅಕ್ಕ ಎದ್ದು ನಿಲ್ಲುತ್ತಿದ್ದಳು. ನನ್ನ ಮುಖ ನೋಡಿ ಕೂರುತ್ತಿದ್ದಳು.

ಮಾಮಿ ಎರಡನೇ ಸಲ ಮಾಡಿದಾಗ ಅಕ್ಕನೇ ರಿಸೀವರ್ ಕಿತ್ತುಕೊಂಡಳು.

"ಮಾಮಿ, ಇಟ್ಬಿಡಿ. ನಮ್ಮನೆಯವರು ಮಾಡ್ತಿದ್ರೆ ಲೈನು ಸಿಗಲ್ಲ."

ಮಾಮಿಗೆ ತಪ್ಪು ಹೊಳೆಯಿತು. ಯಾರೂ ಫೋನ್ ಮಾಡಬೇಡಿ ಎಂದು ತಾವೇ ಎಲ್ಲರಿಗೂ ಹೇಳುವುದಾಗಿ ಮಾತು ಕೊಟ್ಟರು. ಹೇಳಿದರು ಕೂಡ. ಅವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಕ್ಷಮೆ ಕೇಳಿದರು.

ಆ ಕ್ಷಮಾಯಾಚನೆಗಳ ನಡುವೆ ಗೇಟಿನಿಂದ ಇಂಟರ್‌ಕಾಂ ಬಂತು. "ಸಾಬ್, ಏರ್‌ಫೋರ್ಸ್ ಕೀ ಗಾಡಿ ಆಯೀ ಹೈ."

ನಾನು ಇಂಟರ್‌ಕಾಂ ಕೆಳಗಿಟ್ಟೆ.

"ಗಾಡಿ ಅಲ್ವೇನೋ?" ಎಂದಳು ಅಕ್ಕ. ಅವಳು ಹೋಗಿ ಗ್ಯಾಸ್ ಆರಿಸಿ, ಸೆರಗು ಸರಿಮಾಡಿಕೊಂಡು, ಬಾಗಿಲ ಹತ್ತಿರ ನಿಂತಳು. ಲಿಫ್ಟು ಮೇಲೆ ಬರುವ ಸದ್ದು ಕೇಳುತ್ತಿತ್ತು. ಅಷ್ಟು ನಿಧಾನದ ಲಿಫ್ಟನ್ನು ಯಾವ ಬಿಲ್ಡರನೂ ಕಟ್ಟಿರಲಾರ.

ಸಮವಸ್ತ್ರದ ಅಧಿಕಾರಿಯೊಬ್ಬರು ಹೊಸ್ತಿಲಲ್ಲೇ ಹೇಳಿಬಿಟ್ಟರು: "ಭಾಭೀಜೀ, ವೋ ಜ಼ಿಂದಾ ಹೈ."

ಭಾವ ಬದುಕಿದ್ದರು. ಅಕ್ಕ ಅಲ್ಲೇ ನೆಲದ ಮೇಲೆ ಕೂತಳು. ಬೆಳಗಿನಿಂದ ನಮ್ಮ ಲೈನು ಎಂಗೇಜ್ ಇದ್ದುದರಿಂದ ತಾವೇ ಬರಬೇಕಾಯಿತೆಂದು ಅವರು ವಿವರಿಸಿದರು. ಭಾವ ಪ್ಯಾರಾಚೂಟಿನಲ್ಲಿ ಹೊಲಕ್ಕೆ ಇಳಿದಿದ್ದರು. ಹಳ್ಳಿಯವರು ಚಾರ್‌ಪಾಯಿ ಎಂಬ ಹಗ್ಗದ ಮಂಚದ ಮೇಲೆ ಮಲಗಿಸಿ ರಸ್ತೆಯವರೆಗೆ ಹೊತ್ತುಕೊಂಡು ಬಂದಿದ್ದರು. ಭಾವನ ಬೆನ್ನುಮೂಳೆ ಮುರಿದಿತ್ತು. ಮತ್ತೆ ಯುದ್ಧವಿಮಾನ ಹಾರಿಸಲು ವೈದ್ಯರು ಅನುಮತಿ ಕೊಡಲಿಲ್ಲ.