ಮೂರು ಟಿವಿಗಳಲ್ಲಿ ಮದುಮಗಳು

ಮದುಮಗಳು ಅಳುವುದು ಏಕಕಾಲಕ್ಕೆ ಮೂರು ಟಿವಿಗಳಲ್ಲಿ ಕಂಡಿತು. ಕಾರಟಗಿಯ ಕಲ್ಯಾಣ ಮಂಟಪದಲ್ಲಿ ನಾನು ಫೋಟೊ ಬೂತ್ ಹಾಕಿದ್ದೆ. ಬೂತಿನೊಳಗೆ ನಿಂತವರು ಬಾಗಿಲಲ್ಲೂ, ವೇದಿಕೆಯಲ್ಲೂ, ಊಟದ ಮನೆಯಲ್ಲೂ ಆ ಕ್ಷಣವೇ ಕಾಣಬೇಕೆಂಬುದು ಹೆಣ್ಣಿನ ತಂದೆಯ ಅಪ್ಪಣೆ. ಶಿರಸಾವಹಿಸಿ ವೈರು ಎಳೆದಿದ್ದೆ.

ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಊಟದ ಮನೆಯಲ್ಲಿ ನಾಷ್ಟಾ ನಡೆದಿತ್ತು. ನಾನು ಅಲ್ಲಿನ ಟಿವಿಯ ವೈರು ಬಿಗಿಮಾಡುತ್ತಿದ್ದೆ. ಆಗ ಆ ಹುಡುಗಿ ಒಬ್ಬಳೇ ಬೂತಿಗೆ ಬಂದು, ಕ್ಯಾಮೆರಾಕ್ಕೆ ಮುಖ ಕೊಟ್ಟು ಅತ್ತಳು. ಉಪ್ಪಿಟ್ಟಿನ ಕೈಗಳೆಲ್ಲ ನಿಂತವು. ತಂದೆ ತಲೆಯೆತ್ತಿ ನೋಡಿದರು. ನೋಡಿ, ಪಕ್ಕದಲ್ಲಿದ್ದ ಗಂಡಿನ ತಂದೆಗೆ, “ಶಿರಾ ಹಾಕಿಸ್ಕೊಳ್ರಿ ಬೀಗರ, ಆರಿದ್ರ ಛಲೋ ಇರೂದಿಲ್ಲ” ಎಂದರು. ಶಿರಾದ ಯೋಗಕ್ಷೇಮದಲ್ಲಿ ಇಡೀ ಪಂಕ್ತಿ ಮಗ್ನವಾಯಿತು.

ನಾನು ಬೂತಿಗೆ ಓಡಿದೆ. ಕಣ್ಣೊರೆಸಿಕೊಂಡು ಹೊರಬಂದವಳು ಕೇಳಿದಳು:

“ಅಣ್ಣಾರ, ನಾ ಒಳಗ ನಿಂತಿದ್ದು ಅಪ್ಪಗ ಕಾಣ್ತಿತ್ತೇನ್ರಿ?”

“ಕಾಣ್ತಿತ್ತವ್ವಾ. ಟಿವಿ ಮುಂದ ಕುಂತಾರ.”

“ನೋಡಿದ್ನ?”

ಹೂಂ ಎಂದೆ.

“ಈ ಮದಿವಿ ಬ್ಯಾಡಂತ ಬಾಯಿಲೆ ಹೇಳಿ ಹೇಳಿ ಸಾಕಾಗಿತ್ರಿ. ಅಳೂದು ನೋಡಿದ್ರರ ತಡೀತಾನ ಅನ್ಕೊಂಡಿದ್ದೆ.”

ಸೆರಗು ಸರಿಮಾಡಿಕೊಂಡು ವೇದಿಕೆಯತ್ತ ನಡೆದಳು. ಮೂರೂ ಟಿವಿಗಳಲ್ಲಿ ಬೂತಿನ ಪ್ಲಾಸ್ಟಿಕ್ ಹೂಗಳಷ್ಟೇ ಉಳಿದವು.

ಈಗಲೂ ಗಿರಾಕಿಗಳು “ಆ ಕಡೆ ಕುಂತವರಿಗೆ ಕಾಣೂದಿಲ್ರಿ” ಎಂದರೆ ಇನ್ನೊಂದು ಟಿವಿ ಹಾಕಿಕೊಡುತ್ತೇನೆ. ಕಂಡೂ ಶಿರಾ ತಿನ್ನುವವರಿಗೆ ಹಾಕುವಂಥ ಸಾಮಾನು ಮಾತ್ರ ಗಂಗಾವತಿಯ ನನ್ನ ಸ್ಟುಡಿಯೋದಲ್ಲಿಲ್ಲ.