ಅಪ್ಪನ ಅಂಬಾಸಿಡರಿಗೆ ಹೊಸ ಬಣ್ಣ

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಅಂಬಾಸಿಡರ್ ಕಾರನ್ನು ನಾನೇ ರಿಪೇರಿ ಮಾಡಲು ಕೂತೆ. ಅದರ ಡಿಕ್ಕಿಯಲ್ಲಿ ಸಾಂಬಾರಿನ ಪಾತ್ರೆ ಇಟ್ಟುಕೊಂಡು ದಕ್ಷಿಣೇಶ್ವರದ ನಮ್ಮ ಮನೆಯಿಂದ ನಗರದ ನಡುವಿನ ಬಿಬಿಡಿ ಬಾಗಿನ ಆಫೀಸುಗಳಿಗೆ ದಿನವೂ ಊಟ ಒಯ್ದವರು ಅವರು. ಹಳೆ ಕಾರಿನ ಹುಚ್ಚು ಹಿಡಿದವರಿಗೆಲ್ಲ ಒಂದೇ ಹಟ: ಗಾಡಿ ಶೋರೂಮಿನಿಂದ ಬಂದ ದಿನ ಇದ್ದ ಹಾಗೇ ಕಾಣಬೇಕು. ನನಗೂ ಅದೇ ಹಟ. ಆರು ತಿಂಗಳ ಭಾನುವಾರಗಳನ್ನೆಲ್ಲ ಅಂಗಳದಲ್ಲಿ ಕಳೆದು, ತಗಡು ಕಾಣುವವರೆಗೆ ಬಣ್ಣ ಉಜ್ಜಿ ತೆಗೆದು, ಹೊಸ ಬಿಳಿ ಬಣ್ಣ ಹೊಡೆದೆ.

ಒಣಗಿದ ಮೇಲೆ ಅಮ್ಮನನ್ನು ಕರೆದೆ. ಅಮ್ಮ ಕಾರನ್ನು ನೋಡಲೇ ಇಲ್ಲ. ಡ್ರೈವರ್ ಬದಿಯ ಬಾಗಿಲಿಗೆ ಹೋಗಿ, ಕಿಟಕಿಯ ಅಂಚಿನ ಮೇಲೆ ಮತ್ತೆ ಮತ್ತೆ ಕೈಯಾಡಿಸಿದಳು.

"ಎಂತ ಹುಡುಕುದು ಅಮ್ಮಾ?"

"ಅವ್ರು ಮೊಣಕೈ ಊರಿ ಊರಿ ಇಲ್ಲಿ ಬಣ್ಣ ಹೋಗಿತ್ತಲ್ಲ ಮಗಾ. ಅವ್ರು ಹೋದ ಮೇಲೆ ನಾನು ದಿನಾ ಬಂದು ಅಲ್ಲೇ ಕೈ ಇಡ್ತಿದ್ದೆ."

ಆ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ತಗಡು ಚೂರು ತಗ್ಗಿತ್ತು. ಮೂರ್ಖ ನಾನು, ತಗ್ಗು ಮುಚ್ಚುವ ಪುಟ್ಟಿಯ ಲೇಪ ಮೂರು ಸಲ ತುಂಬಿ, ಬೆರಳಿಗೂ ಸಿಗದಂತೆ ಸಮ ಮಾಡಿ, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.